ಸಾಂಬ್ರಾಣಿಗೆ ಐದು ಶಿಲ್ಲಿಂಗ್ ಎಂಟು ಪೆನ್ಸ್

ಅಕ್ಕನ ಮನೆ ಬ್ರಿಸ್ಟಲ್‌ನಲ್ಲಿ. ಹತ್ತು ದಿನ ಇದ್ದೆ. ಬಾತ್, ಸ್ಟೋನ್‌ಹೆಂಜ್ ಎಲ್ಲ ನೋಡಿದ್ದಾಯಿತು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಹಿಂದೊಮ್ಮೆ ಬಂಡಾಯಗಾರರು ರಾಜಸೇನೆಗೆ ಸೋತ ವೆಸ್ಟನ್‌ಜಾಯ್ಲೆಂಡ್ ಎಂಬ ಸಣ್ಣ ಊರಿನ ಬಗ್ಗೆ. "ಹುಲ್ಲುಗಾವಲು, ಕಾಲುವೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನಯ್ಯಾ?" ಅಂತ ಭಾವ ನಕ್ಕರು. ನಿಜಕ್ಕೂ ಅಲ್ಲಿ ಕಣ್ಣಿಗೆ ಕಾಣುವುದು ಅವೆರಡೇ.

1685ರ ಜೂನ್‌ನಲ್ಲಿ ಮನ್‌ಮತ್ ಡ್ಯೂಕ್ ಎಂಬಾತ 82 ಜನರನ್ನು ಕಟ್ಟಿಕೊಂಡು ಹಾಲೆಂಡಿನಿಂದ ಹಡಗಿನಲ್ಲಿ ಬಂದು ಲೈಮ್ ರೀಜಿಸ್ ದಡದಲ್ಲಿ ಇಳಿದ. ತೀರಿಹೋದ ರಾಜ ಎರಡನೇ ಚಾರ್ಲ್ಸ್‌ಗೆ ಮದುವೆಯಾಚೆ ಹುಟ್ಟಿದ ಮಗ, ಪ್ರಾಟೆಸ್ಟೆಂಟ್. ಸಿಂಹಾಸನದ ಮೇಲಿದ್ದವನು ಚಿಕ್ಕಪ್ಪ ಎರಡನೇ ಜೇಮ್ಸ್, ಕ್ಯಾಥೊಲಿಕ್. ಸೋಮರ್‌ಸೆಟ್ ಸೀಮೆಯ ನೇಕಾರರು, ಕೂಲಿಗಳು, ಚಮ್ಮಾರರು ಡ್ಯೂಕ್‌ನ ಹಿಂದೆ ಹೊರಟರು. ಕೋವಿ ಇಲ್ಲದವರು ಹುಲ್ಲು ಕೊಯ್ಯುವ ಉದ್ದ ಕುಡುಗೋಲಿನ ಅಲಗನ್ನೇ ಕೋಲಿಗೆ ನೆಟ್ಟಗೆ ಕಟ್ಟಿಕೊಂಡರು. ಟಾಂಟನ್ ಊರಿನ ಶಾಲಾ ಹುಡುಗಿಯರು ಬಾವುಟ ಕಸೂತಿ ಮಾಡಿಕೊಟ್ಟರು. ಅದೇ ಊರಲ್ಲಿ ಅವನನ್ನು ರಾಜ ಅಂತ ಸಾರಿದರು.

ಟಾಂಟನ್ನಿನ ಕೋಟೆಗೆ ಹಿಂದಿನ ದಿನವೇ ಹೋಗಿದ್ದೆ. ಈಗ ಅದು ಮ್ಯೂಸಿಯಂ. ಆಗ ಅದರ ದೊಡ್ಡ ಹಜಾರದಲ್ಲಿ ನ್ಯಾಯಾಧೀಶ ಜೆಫ್ರೀಸ್ ಕೂತು ಸೋತವರ ವಿಚಾರಣೆ ನಡೆಸಿದ್ದ. ವಿಚಾರಣೆ ಅನ್ನುವುದು ಬರೀ ಹೆಸರಿಗೆ. ಆ ಸೀಮೆಯಲ್ಲೆಲ್ಲ ಸೇರಿ 300ರ ಆಸುಪಾಸು ಜನರಿಗೆ ನೇಣು. 800ಕ್ಕೂ ಹೆಚ್ಚು ಜನರನ್ನು ಬಾರ್ಬಡೋಸ್, ಜಮೈಕಾದ ತೋಟಗಳಿಗೆ ದುಡಿಯಲು ಸಾಗಿಸಿದರು. ನೇಣಾದವರ ದೇಹ ಕಡಿದು, ಉಪ್ಪುನೀರಿನಲ್ಲಿ ಬೇಯಿಸಿ, ಕೆಡದಂತೆ ಡಾಂಬರು ಬಳಿದು ಊರೂರಿನ ನಾಲ್ಕುದಾರಿಗಳಲ್ಲಿ ತೂಗುಹಾಕಿದರು. ಬಾವುಟದ ಹುಡುಗಿಯರ ಅಪ್ಪಂದಿರಿಂದ ಕ್ಷಮಾಪಣೆಯ ಹೆಸರಲ್ಲಿ ಹಣ ವಸೂಲಿ, ಅದೂ ರಾಣಿಯ ಸಖಿಯರ ಕೈಖರ್ಚಿಗೆ! ಓದಿ ಹೊರಬಂದ ಮೇಲೆ ಎದುರಿನ ಅಂಗಡಿಯ ಸ್ಕೋನು ರುಚಿಸಲಿಲ್ಲ. ಅದು ಮೊದಲೇ ಒಣಒಣ, ಪಾಪ ಜೆಫ್ರೀಸ್‌ನನ್ನು ಯಾಕೆ ದೂರಲಿ.

ಬ್ರಿಜ್‌ವಾಟರ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಊರಾಚೆ ರಣರಂಗ: ಹಸಿರು, ಮೋಡ, ನೀರಿನ ಗೆರೆಗಳು. ಜುಲೈ 6ರ ನಸುಕಿನಲ್ಲಿ ಮಂಜಿನೊಳಗೆ ಸದ್ದಿಲ್ಲದೆ ಸಾಲಾಗಿ ಬಂದ ಬಂಡಾಯಗಾರರು ಮಲಗಿರುವ ರಾಜಸೇನೆಯ ಮೇಲೆ ಬೀಳಬೇಕಿತ್ತು. ಎಲ್ಲೋ ಒಂದು ಗುಂಡು ಸಿಡಿಯಿತು, ಸೇನೆ ಎದ್ದು ಕೂತಿತು. ನಡುವೆ ಅಡ್ಡವಾಗಿದ್ದ ಬಸೆಕ್ಸ್ ಕಾಲುವೆಯನ್ನು ಇವರಿಗೆ ದಾಟಲಾಗಲಿಲ್ಲ. ಬೆಳಕು ಹರಿದಾಗ ಫಿರಂಗಿಗೆ ಮುಖ ಕೊಟ್ಟು ನಿಂತಿದ್ದರು. ಆ ಕಾಲುವೆ ಈಗ ಮುಚ್ಚಿಹೋಗಿದೆ. ನಾನು ಹುಡುಕುತ್ತ ಹೋಗಿ ಇನ್ಯಾವುದೋ ಕಾಲುವೆಯ ಅಂಚಿನ ಕೆಸರಲ್ಲಿ ಮೊಣಕಾಲವರೆಗೆ ಇಳಿದೆ. ಹೋಗುವವರು ಗಮ್‌ಬೂಟು ಹಾಕಿಕೊಂಡೇ ಹೋಗಿ. ಹೊಸ ಶೂ, ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಕೆಸರುಕಾಲಲ್ಲಿ ಸೇಂಟ್ ಮೇರಿ ಚರ್ಚಿಗೆ ಬಂದೆ. ಬಾಗಿಲಲ್ಲೇ ಅಳುಕುತ್ತ ನಿಂತೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಅಲ್ಲಿನ ಸ್ವಯಂಸೇವಕಿ, ಒಂದು ಗೋಣಿತಟ್ಟು ತೋರಿಸಿದರು. "ರೈನ್‌ನಲ್ಲಿ ಬಿದ್ದೆ" ಅಂದೆ. "ರೈನ್ ಅಲ್ಲ, ರೀನ್. ಕಾಲುವೆಗೆ ಇಲ್ಲಿ ಹಾಗೇ ಅನ್ನೋದು" ಅಂತ ತಿದ್ದಿದರು. ತಲೆಯ ಮೇಲೆ ಮರದ ಚಾವಣಿ, ಅದರ ತುಂಬ ಕೆತ್ತಿದ ದೇವದೂತರು. ಯುದ್ಧ ಮುಗಿದ ಬೆಳಿಗ್ಗೆ ಸುಮಾರು 500 ಸೆರೆಯಾಳುಗಳನ್ನು ಇದರೊಳಗೇ ತುಂಬಿ ಬಾಗಿಲು ಹಾಕಿದ್ದರಂತೆ. ಗಾಯಾಳುಗಳು, ಸಾಯುತ್ತಿದ್ದವರು, ಎಲ್ಲರೂ.

ಆಮೇಲೆ ಅಜ್ಜಿ ಚರ್ಚಿನ ಹಳೇ ಲೆಕ್ಕದ ಮಾತು ತೆಗೆದರು. ಸೆರೆಯಾಳುಗಳು ಹೋದ ಮೇಲೆ ಒಳಗೆ ಸುಡಲು ತಂದ ಸಾಂಬ್ರಾಣಿ, ಡಾಂಬರು, ರಾಳ: 5 ಶಿಲ್ಲಿಂಗ್ 8 ಪೆನ್ಸ್. ನನಗೆ ಸಾಂಬ್ರಾಣಿ ಅಂದರೆ ತಲೆಗೆ ನೀರು ಹಾಕಿದ ಕೂಸಿನ ಕೂದಲಿಗೆ ಅಮ್ಮ ಹಿಡಿಯುತ್ತಿದ್ದ ಹೊಗೆ. ಇಲ್ಲಿ ಅದು 500 ಜನರ ರಕ್ತ, ಮಲಮೂತ್ರದ ನಾತ ಹೋಗಲೆಂದು. ಡಾಂಬರಂತೂ ನಿನ್ನೆ ಟಾಂಟನ್ನಿನಲ್ಲಿ ಓದಿದ್ದೇ.

"ಯಾರ ದುಡ್ಡು?" ಅಂತ ಕೇಳಿದೆ.

"ಊರಿನದು. ಮನ್‌ಮತ್ ಸಿಕ್ಕಿಬಿದ್ದ ದಿನ ಗಂಟೆ ಬಾರಿಸಿದವರಿಗೂ ಅದರಲ್ಲೇ ಕೊಟ್ಟಿದ್ದಾರೆ."

ಸೋತ ಎರಡೇ ದಿನಕ್ಕೆ ಡ್ಯೂಕ್ ಸಿಕ್ಕಿದ್ದ: ಹಳ್ಳದಲ್ಲಿ, ಕುರುಬನ ಬಟ್ಟೆ, ಜೇಬಲ್ಲಿ ಹಸಿ ಬಟಾಣಿ. ಜುಲೈ 15ರಂದು ಲಂಡನ್ನಿನಲ್ಲಿ ತಲೆ ತೆಗೆದರು. ಮರಣದಂಡನೆ ಜಾರಿ ಮಾಡುವ ಜಾಕ್ ಕೆಚ್‌ಗೆ ಒಂದೇ ಏಟಿನಲ್ಲಿ ಆಗಲಿಲ್ಲ. ಐದಾರು ಏಟು ಹಾಕಿ, ಉಳಿದದ್ದನ್ನು ಚಾಕುವಿನಲ್ಲಿ ಕೊಯ್ದ.

"ಸೆರೆಯಾಳುಗಳಲ್ಲಿ ಈ ಸೀಮೆಯವರೇ ಇದ್ದರಲ್ಲ. ಸಂತೋಷಕ್ಕೆ ಗಂಟೆ ಬಾರಿಸಿದರಾ?"

ಅಜ್ಜಿ ಕನ್ನಡಕ ಒರೆಸಿಕೊಂಡರು. "ಸೈನಿಕರು ಊರಲ್ಲೇ ಇದ್ದರಪ್ಪಾ. ಬಾರಿಸದೆ ಇರೋಕಾಗ್ತಿತ್ತಾ?"

ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಜೇಮ್ಸ್ ದೇಶ ಬಿಟ್ಟು ಓಡಿದ. ನಾವಿಕನ ವೇಷದಲ್ಲಿ ಸಿಕ್ಕ ಜೆಫ್ರೀಸ್ 1689ರಲ್ಲಿ ಲಂಡನ್ ಟವರಿನ ಸೆರೆಯಲ್ಲೇ ಸತ್ತ. ಅದಕ್ಕೂ ಇಲ್ಲಿ ಗಂಟೆ ಬಾರಿಸಿದರಾ ಅಂತ ಕೇಳುವುದು ಮರೆತೆ. ಟ್ಯಾಕ್ಸಿಯವನು ನಾಲ್ಕಕ್ಕೆ ಬರುತ್ತೇನೆ ಅಂದಿದ್ದ. ಐದೂಕಾಲಾದರೂ ಸುಳಿವಿಲ್ಲ, ಫೋನೂ ಎತ್ತಲಿಲ್ಲ. ವಾಪಸ್ಸಿನ ಗಾಡಿ ಗೊತ್ತು ಮಾಡದೆ ಯಾರೂ ಇತ್ತ ಹೋಗಬೇಡಿ. ಅಜ್ಜಿ ಚರ್ಚಿಗೆ ಬೀಗ ಹಾಕಿ ತಮ್ಮ ಹಳೇ ಕಾರಿನ ಮುಂದಿನ ಸೀಟಿಗೆ ಪೇಪರ್ ಹಾಸಿದರು, ನನ್ನ ಕೆಸರಿಗೆ.