ಲೆಕ್ಕ ಸರಿಹೋಗದೆ ಮನೆಗೆ ಹೋಗದ ನಮ್ಮ ಸರ್

ಎಂ.ಎಸ್‌ಸಿ.ಯಲ್ಲಿ ಓದಿದ ಪಾಠಗಳಲ್ಲಿ ಬಹುಪಾಲು ಈಗ ನೆನಪಿಲ್ಲ. ಆದರೆ ನ್ಯೂಕ್ಲಿಯರ್ ಲ್ಯಾಬ್‌ನಲ್ಲಿ ಸರ್ ಕಲಿಸಿದ್ದು ಕೈಯಲ್ಲೇ ಉಳಿದುಬಿಟ್ಟಿದೆ. ಈ ವರ್ಷ ಅವರು ತೀರಿಕೊಂಡರು. ವಿಭಾಗದ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಫೋನ್ ಬಂದಾಗ ಬೇರೆ ಯಾರ ಬಗ್ಗೆಯೂ ಬರೆಯಬೇಕು ಅನ್ನಿಸಲಿಲ್ಲ.

ತೊಂಬತ್ತರ ದಶಕದ ಮಾತಿದು. ಲ್ಯಾಬ್ ಅಂದರೆ ವಿಕಿರಣ ಎಣಿಸುವ ಜಿ.ಎಂ. ಕೌಂಟರ್, ಸೋಡಿಯಂ ಅಯೋಡೈಡ್ ಡಿಟೆಕ್ಟರ್, ಸೀಸದ ಇಟ್ಟಿಗೆಗಳು, ಬೀಗ ಹಾಕಿದ ಒಂದು ಕಪಾಟು. ಒಳಗೆ ವಿಕಿರಣ ಸೂಸುವ ಸೀಸಿಯಂ-137, ಕೋಬಾಲ್ಟ್-60ರ ಪುಟ್ಟ ಬಿಲ್ಲೆಗಳು. ಅವನ್ನೇ ನಾವು ಸೋರ್ಸ್ ಅನ್ನುತ್ತಿದ್ದೆವು. ಮೊದಲ ದಿನ ನಮ್ಮಲ್ಲಿ ಅರ್ಧ ಜನ ಬಾಗಿಲ ಹತ್ತಿರವೇ ನಿಂತಿದ್ದೆವು. ಸರ್ ಗದರಲಿಲ್ಲ, ನಗಲೂ ಇಲ್ಲ. ಸೋರ್ಸನ್ನು ಇಕ್ಕಳದಲ್ಲಿ ಹಿಡಿದು ಕೌಂಟರಿನಿಂದ 10 ಸೆಂಟಿಮೀಟರ್ ದೂರ ಇಟ್ಟು ಎಣಿಸಿದರು, ಆಮೇಲೆ 20ಕ್ಕೆ ಸರಿಸಿದರು. ಎಣಿಕೆ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯಿತು. "ನೋಡಿ, ದೂರ ನಿಲ್ಲೋದಕ್ಕೆ ದುಡ್ಡು ಕೊಡಬೇಕಾಗಿಲ್ಲ" ಅಂದರು.

ಯಾವ ಪ್ರಯೋಗವನ್ನೂ ಮೊದಲ ಸಲವೇ ಸೋರ್ಸ್ ಇಟ್ಟು ಮಾಡಲು ಅವರು ಬಿಡುತ್ತಿರಲಿಲ್ಲ. ಖಾಲಿ ಬಿಲ್ಲೆ ಇಟ್ಟುಕೊಂಡು ಅಭ್ಯಾಸ ಮಾಡಬೇಕು, ಕೈ ಪಳಗಿದ ಮೇಲೆ ನಿಜವಾದದ್ದು. ಹತ್ತಿರ ಇರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು, ಅಲ್ವಾ. ಸೀಸ ಇದ್ದರೆ ಸಾಕು ಅಂದುಕೊಂಡಿದ್ದ ನಮಗೆ, ಎಲೆಕ್ಟ್ರಾನು ಸೂಸುವ ಬೀಟಾ ಸೋರ್ಸಿಗೆ ಮೊದಲು ಪರ್ಸ್‌ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಹಾಳೆಯೇ ಬೇಕು, ವೇಗದ ಎಲೆಕ್ಟ್ರಾನು ನೇರವಾಗಿ ಸೀಸಕ್ಕೆ ಬಡಿದರೆ ಎಕ್ಸ್-ರೇ ಹುಟ್ಟುತ್ತದೆ ಅಂತ ತೋರಿಸಿಕೊಟ್ಟವರೂ ಅವರೇ. ಚಹಾ ಲೋಟ ಲ್ಯಾಬಿನ ಹೊಸಿಲು ದಾಟುವಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಅವರ ರಿಜಿಸ್ಟರು. ಯಾವ ಸೋರ್ಸ್, ಯಾರು ತೆಗೆದರು, ಎಷ್ಟು ಗಂಟೆಗೆ ವಾಪಸ್ ಇಟ್ಟರು, ಎಲ್ಲಕ್ಕೂ ಸಹಿ. ಸಂಜೆ ಲೆಕ್ಕ ಸರಿಹೋಗುವ ತನಕ ಕೊನೆಯ ಬಸ್ ಹೋದರೂ ಸರಿ, ಯಾರೂ ಕದಲುವಂತಿಲ್ಲ.

ನಮ್ಮ ಬ್ಯಾಚಿನಲ್ಲಿ ಉಳ್ಳಾಲದ ಒಬ್ಬ ಗೆಳೆಯನಿದ್ದ. ಅಲ್ಲಿನ ಕಡಲತೀರದಲ್ಲಿ ಕೆಲವು ಕಡೆ ಕಪ್ಪು ಮರಳು ಸಿಗುತ್ತದೆ. ಅದರಲ್ಲಿ ಮೊನಜೈಟ್ ಅನ್ನುವ ಖನಿಜ ಇರುತ್ತದೆ, ಮೊನಜೈಟಿನಲ್ಲಿ ವಿಕಿರಣ ಸೂಸುವ ಥೋರಿಯಂ. ಅವನು ಒಂದು ಡಬ್ಬಿ ಮರಳು ತಂದು ಯಾರಿಗೂ ಹೇಳದೆ ಕೌಂಟರಿನ ಹಿಂದೆ ಅಡಗಿಸಿಟ್ಟ. ಸೋರ್ಸ್ ಇಡದೆಯೇ ಎಣಿಕೆ ಏರಿತು. ಸರ್ ಮುಖ ನೋಡಬೇಕು ಅಂತ ಅವನ ಆಸೆ. ಸರ್ ಮಾತ್ರ ಅಂಕಿ ನೋಡಿದವರೇ, "ಎಲ್ಲ ಹೊರಗೆ ನಡೀರಿ ಮಾರಾಯ್ರೆ, ಏನನ್ನೂ ಮುಟ್ಟಬೇಡಿ" ಅಂದರು. ಒಬ್ಬರೇ ಒಳಗೆ ಉಳಿದು ಕಪಾಟಿನ ಸೋರ್ಸುಗಳನ್ನೆಲ್ಲ ರಿಜಿಸ್ಟರಿಗೆ ತಾಳೆ ನೋಡಿದರು, ಎಲ್ಲಾದರೂ ಸೋರಿದೆಯೇ ಅಂತ ತಿಳಿಯಲು ಮೇಜು ಮೇಜನ್ನೂ ಫಿಲ್ಟರ್ ಪೇಪರಿನಿಂದ ಒರೆಸಿ ಆ ಕಾಗದಗಳನ್ನು ಎಣಿಕೆಗೆ ಇಟ್ಟರು. ಡಬ್ಬಿ ಸಿಗುವ ಹೊತ್ತಿಗೆ ಗೆಳೆಯ ಬಾಗಿಲಲ್ಲಿ ನಿಂತು ಅಳುವಂತಾಗಿದ್ದ. ಸರ್ ಅವನಿಗೆ ಬೈದದ್ದು ಒಂದೇ ಮಾತು: "ನಾಳೆ ನಿಜವಾಗಿ ಸೋರಿದಾಗ ಇದೂ ತಮಾಷೆ ಅಂತ ಯಾರಾದರೂ ಸುಮ್ನೆ ಕೂತರೆ?"

2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಸುದ್ದಿ ಓದಿದಾಗ ನನಗೆ ಆ ಮಾತೇ ಕಿವಿಯಲ್ಲಿ ಕೇಳಿಸಿತು. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡಾದಿಂದ ತರಿಸಿದ್ದ ಗಾಮಾ ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. ಒಳಗೆ ಕೋಬಾಲ್ಟ್-60 ಇದೆ ಅನ್ನುವುದನ್ನೇ ಲೆಕ್ಕಿಸದೆ ಅದನ್ನು ಗುಜರಿಗೆ ಹರಾಜು ಹಾಕಿದರು. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಆ ಬಡವರಿಗೆ ತಾವು ಮುಟ್ಟುತ್ತಿರುವುದು ಏನು ಅಂತಲೇ ಗೊತ್ತಿರಲಿಲ್ಲ. ನಮ್ಮ ಸರ್ ಅಂಥವರು ಒಬ್ಬರು ಆ ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನಾನೊಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ಔಷಧ) ವಿಭಾಗದಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುತ್ತೇನೆ. 6 ಗಂಟೆಗೆ ಅರ್ಧವಾಗುವ ಟೆಕ್ನೀಶಿಯಂ-99ಎಂ, 8 ದಿನಕ್ಕೆ ಅರ್ಧವಾಗುವ ಅಯೋಡಿನ್-131, ಎಲ್ಲಕ್ಕೂ ಸರ್ ಮಾದರಿಯಲ್ಲೇ ರಿಜಿಸ್ಟರು. ಸಿಬ್ಬಂದಿಯ ಮೈಗೆ ತಗಲುವ ವಿಕಿರಣಕ್ಕೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಮಿತಿ. ಅದನ್ನು ಅಳೆಯಲು ನಮ್ಮವರು ಧರಿಸುವ ಬ್ಯಾಡ್ಜುಗಳ ವರದಿ ಅದರ ಹತ್ತನೇ ಒಂದು ಪಾಲಿಗೂ ಬಂದಿಲ್ಲ. ತಪಾಸಣೆಗೆ ಬಂದವರು ನನ್ನ ದಾಖಲೆ ನೋಡಿ, ಬೇರೆಯವರಿಗೂ ತೋರಿಸಿ ಅಂದಾಗ ಹೆಮ್ಮೆಯಾಯಿತು. ಅದರಲ್ಲಿ ಅರ್ಧ ಹೆಮ್ಮೆ ಸರ್ ಅವರದು.

ಈಚೆಗೆ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳು ಜಾಣರು, ಲೆಕ್ಕದಲ್ಲಿ ನಮಗಿಂತ ಚುರುಕು. ಆದರೆ ಎಷ್ಟೋ ಜನ ಸೋರ್ಸನ್ನು ಕಣ್ಣಲ್ಲೇ ಕಂಡಿಲ್ಲ. ಪ್ರಯೋಗವೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಮುಗಿದಿದೆ. ಇಕ್ಕಳ ಕೊಟ್ಟರೆ ಕೈ ನಡುಗುತ್ತದೆ, ಇಲ್ಲವೇ ಬರಿಗೈ ಹಾಕಲು ಹೋಗುತ್ತಾರೆ. ತಪ್ಪು ಅವರದಲ್ಲ, ಕಲಿಸಬೇಕಾದವರದು.

ವಿಭಾಗದವರಲ್ಲಿ ಒಂದು ಕೋರಿಕೆ. ನಾವು ಬಳಸಿದ ಕೋಬಾಲ್ಟ್ ಇಷ್ಟು ಹೊತ್ತಿಗೆ ಬಹುಪಾಲು ಕರಗಿರುತ್ತದೆ, ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯುವ ಕಾಲ, ಐದೂಕಾಲು ವರ್ಷ. ಸೀಸಿಯಂನದು 30 ವರ್ಷ, ಅದು ಇನ್ನೂ ಅರ್ಧ ಉಳಿದಿರಬೇಕು. ಸರ್ ಫೋಟೋ ಅನಾವರಣಕ್ಕೆ ನಾವೆಲ್ಲ ಬರುತ್ತೇವಲ್ಲ, ಅದಕ್ಕೂ ಮೊದಲು ಹಳೆಯ ಕಪಾಟು ತೆಗೆದು ಒಂದೊಂದು ಬಿಲ್ಲೆಯನ್ನೂ ದಾಖಲೆಯೊಂದಿಗೆ ತಾಳೆ ನೋಡಿ. ಬೇಡವಾದದ್ದನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದು ವಿಲೇವಾರಿಗೆ ಕಳಿಸಿ. ಕೆಲಸಕ್ಕೆ ಕೈ ಬೇಕಿದ್ದರೆ ಒಂದು ದಿನ ಮೊದಲೇ ಬರುತ್ತೇನೆ.