ಗಿಳಿಮೀನಿನ ಮರಳು

ಬೆಳಿಗ್ಗೆ ಕಡಲಲ್ಲಿ ಡೈವಿಂಗ್ ಮಾಡುವಾಗ, 12 ಮೀಟರ್ ಆಳದಲ್ಲಿ ಕಟಕಟ ಸದ್ದು. ಯಾರೋ ಒಣಕಡ್ಡಿ ಮುರಿಯುತ್ತಿರುವ ಹಾಗೆ.

ತಿರುಗಿ ನೋಡಿದರೆ ಗಿಳಿಮೀನು! ನೀಲಿ-ಹಸಿರು ಮೈ, ಕೊಕ್ಕಿನಂಥ ಹಲ್ಲು. ಸತ್ತ ಹವಳವನ್ನು ಕೆರೆದು ಪಾಚಿ ತಿನ್ನುತ್ತಿತ್ತು. ನಾಲ್ಕು ಮಾರು ಮುಂದೆ ಹೋಗಿ, ಹಿಂದಿನಿಂದ ಬಿಳಿ ಪುಡಿಯ ಪುಟ್ಟ ಮೋಡವೊಂದನ್ನು ಬಿಟ್ಟಿತು. ಅದೇ ಮರಳು. ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದಂತೆ.

ಮೇಲೇರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ತಡೆದು ನಿಲ್ಲಬೇಕು, ಮೈಯಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಹೋಗಲಿ ಎಂದು. ಅಷ್ಟು ಹೊತ್ತೂ ನನ್ನ ಕಿವಿ ಕೆಳಗಿನ ಆ ಸದ್ದಿನ ಕಡೆಗೇ.

ಈಗ ದಡದಲ್ಲಿ ಕುಳಿತಿದ್ದೇನೆ. ಅಂಗೈ ತುಂಬ ಬಿಳಿ ಮರಳು, ಹಿಟ್ಟಿನಷ್ಟು ನುಣುಪು. ಇದರಲ್ಲಿ ಎಷ್ಟು ಪಾಲು ಆ ಹಲ್ಲುಗಳದ್ದೋ! ಕೊಡವಿಕೊಂಡು ಏಳಲು ಮನಸ್ಸೇ ಬರುತ್ತಿಲ್ಲ.