‘ಒಪ್ಕೊಂಡು ಫೈನ್ ಕಟ್ಬಿಡೋಣ ಮೇಡಂ’

ಚಿತ್ರದುರ್ಗದ ಪಕ್ಕದಲ್ಲೇ ಹೈವೇ 48 ಹಾದುಹೋಗುತ್ತದೆ. ಹಾಗಾಗಿ ನನ್ನಂಥ ವಕೀಲರಿಗೆ ಆಕ್ಸಿಡೆಂಟ್ ಕೇಸಿಗೆ ಬರವಿಲ್ಲ. ಬರುವ ಡ್ರೈವರ್‌ಗಳದು ಹೆಚ್ಚಾಗಿ ಒಂದೇ ರಾಗ: ‘ಒಪ್ಕೊಂಡು ಫೈನ್ ಕಟ್ಬಿಡೋಣ ಮೇಡಂ, ವಾಯಿದೆಗೆ ಯಾರು ಅಲೀತಾರೆ?’

ಎಲ್ಲ ಫೈನೂ ಒಂದೇ ಅಂದುಕೊಂಡಿರುತ್ತಾರೆ. ಹೆಲ್ಮೆಟ್ ಇಲ್ಲದ್ದಕ್ಕೆ ಪೊಲೀಸರು ಹಾಕುವ 500 ರೂಪಾಯಿ, ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಕೆಳಗೆ ಆಗುವ ರಾಜಿ. ಕಟ್ಟಿದರೆ ಮುಗೀತು, ನಿಮ್ಮನ್ನು ಅಪರಾಧಿ ಅಂತ ಯಾರೂ ಬರೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಸಿಕ್ಕಾಗ ಬೆಂಗಳೂರಿನವರು ಸಾಲು ನಿಂತು ಕಟ್ಟಿದ್ದು ಇಂಥ ಬಾಕಿಯನ್ನೇ. ಕ್ಯಾಮೆರಾ ಫೋಟೋದಲ್ಲಿರುವ ಗಾಡಿ ನಿಮ್ಮದಲ್ಲವಾದರೆ ಕಟ್ಟುವ ಮೊದಲೇ ತಕರಾರು ಹೇಳಿ. ಕುಡಿದು ಓಡಿಸಿದ್ದು ಮಾತ್ರ ಈ ರಾಜಿಗೆ ಬರುವುದಿಲ್ಲ. ಅದಕ್ಕೆ ಕೋರ್ಟೇ ಗತಿ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ.

ಆದರೆ ಗಾಡಿ ಯಾರಿಗಾದರೂ ಗುದ್ದಿದರೆ ಸೆಕ್ಷನ್ನೇ ಬೇರೆ. ಅಜಾಗರೂಕತೆಯಿಂದ ಓಡಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 281, ಅಂದರೆ 2024ರ ಜುಲೈಗೆ ಮೊದಲಿದ್ದ ಐಪಿಸಿ 279. ಜೊತೆಗೆ ಗಾಯವಾಗಿದ್ದರೆ 125, ಸಾವಾಗಿದ್ದರೆ 106. ಮೂರೂ ಜಾಮೀನು ಸಿಗುವಂಥವೇ. ಅದಕ್ಕಾಗಿ ಯಾರ ಕಾಲೂ ಹಿಡಿಯಬೇಕಿಲ್ಲ, ಅದು ನಿಮ್ಮ ಹಕ್ಕು. 281ಕ್ಕೆ ದಂಡ ಹೆಚ್ಚೆಂದರೆ 1,000 ರೂಪಾಯಿ. ಜನ ಮೋಸಹೋಗುವುದು ಇಲ್ಲೇ. ಸಾವಿರ ರೂಪಾಯಿ ತಾನೇ, ಬಿಸಾಕಿದರಾಯ್ತು ಅಂತ. ಆದರೆ ಇಲ್ಲಿ ಒಪ್ಪಿಕೊಂಡರೆ ಅಪರಾಧಿ ಅಂತಲೇ ದಾಖಲಾಗುತ್ತದೆ.

ಈರುಳ್ಳಿ ಸಾಗಿಸುವ ಟೆಂಪೋದವನೊಬ್ಬ ಹಾಗೇ ಮಾಡಿ ನನ್ನ ಹತ್ತಿರ ಬಂದಿದ್ದ. ಬೈಕ್ ಸವಾರ ಅಡ್ಡ ಬಂದ ಅಂತ ಇವನ ವಾದ. ಅದನ್ನು ಕೋರ್ಟಲ್ಲಿ ಹೇಳಲೇ ಇಲ್ಲ. ಮ್ಯಾಜಿಸ್ಟ್ರೇಟರು ಆರೋಪ ಓದಿ ಕೇಳಿದಾಗ ‘ಹೌದು ಸ್ವಾಮಿ’ ಅಂದುಬಿಟ್ಟ. ದಂಡ ಕಟ್ಟಿ ಸಂಜೆಯೊಳಗೆ ಮನೆ ಸೇರಿದ. ಆಮೇಲೆ ಪರಿಹಾರದ ಕೇಸಿನ ನೋಟಿಸ್ ಬಂತು. ಗಾಡಿಯ ಇನ್ಶೂರೆನ್ಸ್ ಮುಗಿದುಹೋಗಿತ್ತು. ಅಲ್ಲಿ ಎದುರು ವಕೀಲರು ಮೊದಲು ತೋರಿಸಿದ್ದೇ ಇವನ ತಪ್ಪೊಪ್ಪಿಗೆ. ಅದೊಂದೇ ಕೊನೇ ಮಾತಲ್ಲ, ನಿಜ. ಆದರೆ ಅದರ ತೂಕ ಜಾಸ್ತಿ. ಇನ್ಶೂರೆನ್ಸ್ ಇಲ್ಲದವನು ತನ್ನ ಜೇಬಿನಿಂದಲೇ ಕೊಡಬೇಕು, ಅಲ್ವಾ?

ದುಬೈಗೆ ಹೊರಟ ಹುಡುಗರದು ಇನ್ನೊಂದು ಕಥೆ. ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ತಡೆಯುತ್ತಾರೆ ಅಂತ ಹೆದರಿ ಒಪ್ಪಿಕೊಳ್ಳಲು ಬರುತ್ತಾರೆ. ಅದಕ್ಕೆ ಕೋರ್ಟಿನ ಅನುಮತಿ ಕೇಳಿ ಅರ್ಜಿ ಹಾಕಬಹುದು ಅಂತ ಯಾರೂ ಹೇಳಿರುವುದಿಲ್ಲ. ಸರ್ಕಾರಿ ಕೆಲಸಕ್ಕೆ ಕಾಯುತ್ತಿರುವವರಂತೂ ಇನ್ನೂ ಯೋಚಿಸಬೇಕು. ವೆರಿಫಿಕೇಶನ್ ಫಾರಂನಲ್ಲಿ ಶಿಕ್ಷೆಯಾಗಿದೆಯಾ ಅನ್ನುವ ಕಾಲಂ ಇರುತ್ತದೆ. ಅಲ್ಲಿ ಸುಳ್ಳು ಬರೆದರೆ ಅದೇ ದೊಡ್ಡ ತಲೆನೋವು.

ನಿಜಕ್ಕೂ ತಪ್ಪು ಮಾಡಿದ್ದರೆ, ಪರಿಣಾಮ ಗೊತ್ತಿದ್ದರೆ, ಒಪ್ಪಿಕೊಳ್ಳಿ. ನಾನು ತಡೆಯುವುದಿಲ್ಲ. ಆದರೆ ಅದಕ್ಕೂ ಮೊದಲು ಚಾರ್ಜ್‌ಶೀಟ್ ಓದಿ. ನೀವು ಹಾಜರಾದ 14 ದಿನದೊಳಗೆ ಅದರ ಪ್ರತಿ ಪುಕ್ಕಟೆ ಕೊಡಬೇಕು. ನಾನು ಮೊದಲು ನೋಡುವುದು ಸ್ಥಳದ ಮಹಜರು, ನಕ್ಷೆ, ಆಮೇಲೆ ಮೋಟಾರು ವಾಹನ ಇನ್ಸ್‌ಪೆಕ್ಟರ್ ವರದಿ. ಬ್ರೇಕ್ ಗುರುತು ಎಲ್ಲಿದೆ, ಗಾಡಿ ಯಾವ ಮಗ್ಗುಲಿಗೆ ಜಖಂ ಆಗಿದೆ, ರಸ್ತೆಯ ಎಡಕ್ಕಿತ್ತಾ ಬಲಕ್ಕಿತ್ತಾ. ಸಾಕ್ಷಿಗಳ ಹೇಳಿಕೆಯಲ್ಲಂತೂ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅನ್ನುವ ಸಾಲು ಅಚ್ಚು ಹಾಕಿದ ಹಾಗೆ ಇದ್ದೇ ಇರುತ್ತದೆ. ನಮ್ಮ ರಾಜ್ಯದಿಂದಲೇ ಹೋದ ಒಂದು ಲಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ: ಜೋರಾಗಿ ಓಡಿಸುತ್ತಿದ್ದ ಅಂದಮಾತ್ರಕ್ಕೆ ಅಜಾಗರೂಕತೆ ಸಾಬೀತಾಗುವುದಿಲ್ಲ. ಎಷ್ಟೋ ಕೇಸು ನಿಲ್ಲುವುದು, ಬೀಳುವುದು ಇದರ ಮೇಲೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ನೇರವಾಗಿ ಹೋಗಿ ಕೇಳಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಇನ್ಶೂರೆನ್ಸ್, ಡಿಎಲ್ ಜೊತೆಗಿರಲಿ.